ಕಿವಿಯೊಳಗಿನ ರಂಗಮಂಟಪ

1924ರ ಜನವರಿ 15ರ ರಾತ್ರಿ ಲಂಡನ್ನಿನಿಂದ ಬಿಬಿಸಿ ಒಂದು ಪುಟ್ಟ ನಾಟಕವನ್ನು ಪ್ರಸಾರ ಮಾಡಿತು. ಕಥೆ ನಡೆಯುವುದು ವೇಲ್ಸ್ ಪ್ರಾಂತದ ಒಂದು ಕಲ್ಲಿದ್ದಲು ಗಣಿಯಲ್ಲಿ. ಗಣಿಯನ್ನು ನೋಡಲೆಂದು ಬಂದ ಒಬ್ಬ ತರುಣ, ಒಬ್ಬ ತರುಣಿ ಮತ್ತು ಒಬ್ಬ ವೃದ್ಧ ನೆಲದಾಳಕ್ಕೆ ಇಳಿದಿದ್ದಾರೆ. ಇದ್ದಕ್ಕಿದ್ದಂತೆ ದೀಪಗಳು ಆರುತ್ತವೆ. ಅಲ್ಲಿಂದ ಮುಂದೆ ಪಾತ್ರಗಳಿಗೂ ಏನೂ ಕಾಣದು, ಮನೆಯಲ್ಲಿ ರೇಡಿಯೊದ ಮುಂದೆ ಕುಳಿತವರಿಗೂ ಏನೂ ಕಾಣದು. ಕತ್ತಲಲ್ಲಿ ತಡಕಾಡುವ ಮೂವರ ಧ್ವನಿ, ಅವರ ಭಯ, ಏರಿ ಬರುವ ನೀರು, ಇಷ್ಟೇ ನಾಟಕ.

ಇದನ್ನು ಬರೆದ ರಿಚರ್ಡ್ ಹ್ಯೂಸ್‌ಗೆ ಆಗ 23 ವರ್ಷ. ರಂಗಭೂಮಿಯ ನಾಟಕಗಳನ್ನು ಅದಕ್ಕೂ ಮೊದಲೇ ರೇಡಿಯೊದಲ್ಲಿ ಓದುತ್ತಿದ್ದರು. ಆದರೆ ಬಿಬಿಸಿ ತನಗಾಗಿಯೇ ಬರೆಸಿದ ಮೊದಲ ನಾಟಕವೆಂದು ಚರಿತ್ರೆಯಲ್ಲಿ ಹೆಸರಾದುದು ಹ್ಯೂಸ್‌ನ ಈ ‘ಡೇಂಜರ್’. ಕೇಳುಗನಿಗೆ ಕಾಣಿಸುವುದಿಲ್ಲ ಎಂಬ ತೊಡಕನ್ನು ಹೇಗೆ ದಾಟುವುದು ಎಂದು ಇತರರು ತಲೆ ಕೆಡಿಸಿಕೊಂಡಿದ್ದಾಗ ಹ್ಯೂಸ್ ಪಾತ್ರಗಳನ್ನೇ ಕತ್ತಲಲ್ಲಿ ನಿಲ್ಲಿಸಿಬಿಟ್ಟ. ತೊಡಕೇ ಬಂಡವಾಳವಾಯಿತು.

ಇದಾಗಿ ನೂರು ವರ್ಷಗಳು ಸಂದಿವೆ. ದೃಶ್ಯಗಳ ಮಹಾಪೂರವೇ ಹರಿಯುತ್ತಿರುವ ಈ ಕಾಲದಲ್ಲೂ ಕಿವಿಗೆ ತಂತಿ ಸಿಕ್ಕಿಸಿಕೊಂಡು ಕಾದಂಬರಿ ಕೇಳುವವರು ಬಸ್ಸಿನಲ್ಲಿ, ವಾಯುವಿಹಾರದಲ್ಲಿ, ಅಡುಗೆಮನೆಯಲ್ಲಿ ಕಾಣಸಿಗುತ್ತಾರೆ. ಕಣ್ಣಿಗೆ ಏನೂ ಕೊಡದ ಈ ಕಲೆಯಲ್ಲಿ ಸಿಗುವ ಸುಖವಾದರೂ ಎಂಥದು? ಪುಸ್ತಕವನ್ನು ಕೇಳುವುದು ಓದಿದ್ದಕ್ಕೆ ಸಮವೆ, ಅಥವಾ ಓದಲು ಸೋಮಾರಿತನ ಪಡುವವರ ಒಳದಾರಿಯೆ?

ಬಹುಶ್ರುತರ ನಾಡು

ಈ ಪ್ರಶ್ನೆಗೆ ಅರ್ಧ ಉತ್ತರ ಭಾಷೆಯಲ್ಲೇ ಅಡಗಿದೆ. ತುಂಬ ತಿಳಿದವರನ್ನು ಕನ್ನಡದಲ್ಲಿ ‘ಬಹುಶ್ರುತ’ರು ಎನ್ನುತ್ತಾರೆ. ಅಂದರೆ ಬಹಳ ಕೇಳಿದವರು. ಬಹಳ ಓದಿದವರು ಎಂದಲ್ಲ. ವೇದಕ್ಕೆ ‘ಶ್ರುತಿ’ ಎಂದು ಹೆಸರು. ‘ವಾಚನ’ ಎಂಬ ಪದದೊಳಗೆ ಕುಳಿತಿರುವುದು ವಾಕ್ಕು, ಎಂದರೆ ಮಾತು. ಕಣ್ಣಾಡಿಸಿ ಮೌನವಾಗಿ ಓದುವುದು ಮನುಷ್ಯನಿಗೆ ಹುಟ್ಟಿನಿಂದ ಬಂದ ಅಭ್ಯಾಸವೇನಲ್ಲ. ನಾಲ್ಕನೆಯ ಶತಮಾನದಲ್ಲಿ ಮಿಲಾನ್ ನಗರದ ಬಿಷಪ್ ಆಂಬ್ರೋಸ್ ತುಟಿ ಅಲುಗಿಸದೆ ಓದುತ್ತಿದ್ದುದನ್ನು ಸಂತ ಅಗಸ್ಟೀನ್ ತನ್ನ ಆತ್ಮಕಥೆಯಲ್ಲಿ ವಿಶೇಷವಾಗಿ ಬರೆದಿಟ್ಟಿದ್ದಾನೆ.

ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡ ನಾಡಿನ ಜನ ಕ್ರಮಬದ್ಧವಾಗಿ ಓದದಿದ್ದರೂ ಕಾವ್ಯದಲ್ಲಿ ಪರಿಣತರು ಎಂದು ಹೊಗಳುತ್ತದೆ. ಓದದೆ ಬಂದ ಆ ಪರಿಣತಿ ಕೇಳಿಯೇ ಬಂದಿರಬೇಕು. ಕುಮಾರವ್ಯಾಸನ ಭಾರತ, ಲಕ್ಷ್ಮೀಶನ ಜೈಮಿನಿ ಭಾರತ ಹಳ್ಳಿ ಹಳ್ಳಿಗೆ ತಲುಪಿದ್ದು ಅಚ್ಚಿನ ಪುಸ್ತಕಗಳಿಂದಲ್ಲ, ಗಮಕಿಗಳ ಕಂಠದಿಂದ. ಗಮಕದಲ್ಲಿ ಇಬ್ಬರಿರುತ್ತಾರೆ. ಒಬ್ಬರು ಪದ್ಯವನ್ನು ರಾಗವಾಗಿ, ಆದರೆ ಸಂಗೀತವು ಸಾಹಿತ್ಯವನ್ನು ನುಂಗದಂತೆ ವಾಚಿಸುತ್ತಾರೆ. ಇನ್ನೊಬ್ಬರು ಅದರ ಅರ್ಥ ಬಿಡಿಸುತ್ತಾರೆ. ಅಚ್ಚಿನಲ್ಲಿ ಕಬ್ಬಿಣದ ಕಡಲೆಯಂತೆ ಕಾಣುವ ಷಟ್ಪದಿ ಗಮಕಿಯ ಬಾಯಲ್ಲಿ ಪದ ಪದವಾಗಿ ಬಿಡಿಸಿಕೊಳ್ಳುತ್ತದೆ. ಎಲ್ಲಿ ನಿಲ್ಲಬೇಕು, ಯಾವ ಮಾತು ಕೃಷ್ಣನದು, ಯಾವುದು ದುರ್ಯೋಧನನದು ಎಂಬುದನ್ನು ಧ್ವನಿಯೇ ಹೇಳಿಬಿಡುತ್ತದೆ. ಶಿವಮೊಗ್ಗ ಜಿಲ್ಲೆಯ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಈ ಕಲೆಗೆ ದೇಶದ ಮನ್ನಣೆ ದೊರೆಯಿತು.

ಕರಾವಳಿಯ ತಾಳಮದ್ದಲೆಯಂತೂ ಅಪ್ಪಟ ಶ್ರವಣ ನಾಟಕ. ಯಕ್ಷಗಾನದ ವೇಷವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ಭಾಗವತರ ಹಾಡು ಮುಗಿದೊಡನೆ ಅಂಗಿ ಪಂಚೆಯಲ್ಲಿ ಚಾಪೆಯ ಮೇಲೆ ಕುಳಿತ ಅರ್ಥಧಾರಿ ಮಾತಿಗೆ ತೊಡಗುತ್ತಾನೆ. ಹೊರಗೆ ಮಳೆ ಸುರಿಯುತ್ತಿರುವಾಗ, ಬಯಲಾಟಗಳು ನಿಂತ ಕಾಲದಲ್ಲಿ, ಕೇವಲ ಮಾತಿನ ಬಲದಿಂದ ಕರ್ಣನೋ ವಾಲಿಯೋ ಎದುರಿಗೆ ಬಂದು ನಿಲ್ಲುತ್ತಾರೆ. ಅದೇ ಸೀಮೆಯ ನಂದಳಿಕೆಯ ಮುದ್ದಣ (1870-1901) ತನ್ನ ‘ಶ್ರೀರಾಮಾಶ್ವಮೇಧ’ವನ್ನು ಮಳೆಗಾಲದಲ್ಲಿ ಹೆಂಡತಿ ಮನೋರಮೆಗೆ ಹೇಳುವ ಕಥೆಯಾಗಿ ಕಟ್ಟಿದ. ಮನೋರಮೆ ನಡುನಡುವೆ ಬಾಯಿ ಹಾಕುತ್ತಾಳೆ, ಅರ್ಥವಾಗದ್ದನ್ನು ಕೇಳುತ್ತಾಳೆ, ಗಂಡನನ್ನು ಛೇಡಿಸುತ್ತಾಳೆ. ಕೇಳುವವರು ಸುಮ್ಮನೆ ಕುಳಿತ ಗೊಂಬೆಗಳಲ್ಲ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದವರು ಕಡಿಮೆ.

ಪೆಟ್ಟಿಗೆಯೊಳಗಿನ ದನಿ

ಹೀಗೆ ಕಿವಿ ಹದಗೊಂಡಿದ್ದ ನಾಡಿಗೆ ರೇಡಿಯೊ ಬಂದಿತು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲೇ 30 ವ್ಯಾಟಿನ ಪುಟ್ಟ ಪ್ರೇಷಕ ಇಟ್ಟು ಪ್ರಸಾರ ಆರಂಭಿಸಿದರು. ಆ ನಿಲಯಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ರೇಡಿಯೊ ಜಾಲಕ್ಕೆ ನಿಂತಿತು. 1950ರಲ್ಲಿ ಧಾರವಾಡ, 1955ರಲ್ಲಿ ಬೆಂಗಳೂರು, 1976ರಲ್ಲಿ ಮಂಗಳೂರು ನಿಲಯಗಳು ಬಂದವು. ಧಾರವಾಡ ನಿಲಯಕ್ಕೆ ಬೇಂದ್ರೆಯವರು ಸಲಹೆಗಾರರಾಗಿದ್ದರು. ಎನ್ಕೆ ಎಂದೇ ಹೆಸರಾದ ಎನ್.ಕೆ. ಕುಲಕರ್ಣಿ ಅಲ್ಲಿ ದುಡಿದರು. ಬೆಂಗಳೂರಿನಲ್ಲಿ ಎ.ಎಸ್. ಮೂರ್ತಿ ‘ಈರಣ್ಣ’ನಾಗಿ ರೈತರ ಮನೆಮಾತಾದರು. 1956ರಲ್ಲಿ ಆರಂಭವಾದ ನಾಟಕಗಳ ರಾಷ್ಟ್ರೀಯ ಕಾರ್ಯಕ್ರಮದಿಂದ ಮರಾಠಿ, ಬಂಗಾಳಿ, ಹಿಂದಿ ನಾಟಕಗಳು ಕನ್ನಡದಲ್ಲಿ ಮನೆಮನೆಗೆ ಬಂದವು. ಟಿಕೆಟ್ ಕೊಂಡು ನಾಟಕ ನೋಡುವ ಅನುಕೂಲವಿಲ್ಲದವರಿಗೆ ಇದು ಖರ್ಚಿಲ್ಲದ ರಂಗಭೂಮಿ.

ರೇಡಿಯೊ ನಾಟಕ ಎಂದರೆ ರಂಗನಾಟಕದಿಂದ ದೃಶ್ಯವನ್ನು ಕಳೆದರೆ ಉಳಿಯುವಂಥದಲ್ಲ. ಅದಕ್ಕೆ ಅದರದೇ ಕಟ್ಟುಪಾಡುಗಳಿವೆ. ರಂಗದ ಮೇಲೆ ಮಾತಾಡದೆ ನಿಂತ ಪಾತ್ರವೂ ಇದ್ದೇ ಇರುತ್ತದೆ. ರೇಡಿಯೊದಲ್ಲಿ ಎರಡು ನಿಮಿಷ ಮಾತಾಡದವನು ಇಲ್ಲದವನೇ. ಆದ್ದರಿಂದ ಪಾತ್ರಗಳು ಕಡಿಮೆ, ಒಬ್ಬರ ದನಿಯಂತೆ ಇನ್ನೊಬ್ಬರದಿಲ್ಲ, ಹೆಸರು ಹಿಡಿದು ಕರೆಯುವುದು ಸ್ವಲ್ಪ ಹೆಚ್ಚು. ಮೈಕಿನಿಂದ ಎಷ್ಟು ದೂರ ನಿಲ್ಲಬೇಕೆಂಬುದೇ ಇಲ್ಲಿ ಅಭಿನಯದ ಅರ್ಧ ಭಾಗ. ಮೈಕಿಗೆ ತುಟಿ ತಾಗುವಷ್ಟು ಹತ್ತಿರ ಬಂದು ಪಿಸುಗುಟ್ಟಿದರೆ ಅದು ಮನಸ್ಸಿನೊಳಗಿನ ಮಾತು. ನಾಲ್ಕು ಹೆಜ್ಜೆ ಹಿಂದೆ ನಿಂತು ಅದೇ ಮಾತು ಆಡಿದರೆ ಪಕ್ಕದ ಕೋಣೆಯಿಂದ ಯಾರೋ ಕೂಗಿದಂತೆ. ದನಿ ನಿಧಾನವಾಗಿ ಕರಗಿ ಸಂಗೀತದ ಒಂದು ತುಣುಕು ಬಂದರೆ ವರ್ಷಗಳೇ ಉರುಳಿವೆ ಎಂದು ಕೇಳುಗ ಒಪ್ಪಿಕೊಳ್ಳುತ್ತಾನೆ.

ಸದ್ದುಗಳ ಕಥೆ ಇನ್ನೂ ಸ್ವಾರಸ್ಯವಾದುದು. ತೆಂಗಿನ ಚಿಪ್ಪಿನ ಎರಡು ಹೋಳುಗಳನ್ನು ತಾಳಬದ್ಧವಾಗಿ ಬಡಿದರೆ ಕುದುರೆ ಓಡುತ್ತದೆ. ಚರಪರ ಕಾಗದವನ್ನು ಮೈಕಿನ ಮುಂದೆ ಮುದುಡಿದರೆ ಬೆಂಕಿ ಉರಿಯುತ್ತದೆ. ತಗಡನ್ನು ನೇತುಹಾಕಿ ಅಲುಗಿಸಿದರೆ ಗುಡುಗು. ನಿಜವಾದ ಮಳೆಯ ಸದ್ದನ್ನು ಹಾಗೇ ಹಿಡಿದರೆ ಎಣ್ಣೆಯಲ್ಲಿ ಏನೋ ಕರಿಯುತ್ತಿರುವಂತೆ ಕೇಳಿಸುವುದೂ ಉಂಟು! ಕಿವಿಗೆ ಬೇಕಾದುದು ನಿಜವಲ್ಲ, ನಿಜದ ಸುಳಿವು. ಉಳಿದುದನ್ನು ಅದು ತಾನೇ ಕಟ್ಟಿಕೊಳ್ಳುತ್ತದೆ.

ಕನ್ನಡದ ಮಟ್ಟಿಗೆ ಮತ್ತೊಂದು ಅನುಕೂಲವಿದೆ. ಆಡುನುಡಿಯೇ ಇಲ್ಲಿ ರಂಗಸಜ್ಜಿಕೆಯ ಕೆಲಸ ಮಾಡುತ್ತದೆ. ‘ಬರ್ತೇನ್ರಿ’ ಎಂದರೆ ಧಾರವಾಡದ ಕಡೆಯ ಪಡಸಾಲೆ ಕಣ್ಣಿಗೆ ಕಟ್ಟುತ್ತದೆ. ‘ಬತ್ತೀನಿ ಕಣಣ್ಣ’ ಎಂದರೆ ಮಂಡ್ಯ ಮೈಸೂರಿನ ಗದ್ದೆಯ ಬದು. ‘ಬರ್ತೇನೆ ಮಾರಾಯ್ರೆ’ ಎಂದರೆ ಕರಾವಳಿಯ ಅಂಗಳ. ರಂಗದಲ್ಲಿ ಬಡಗಿ, ಬಣ್ಣಗಾರರು ದಿನವಿಡೀ ದುಡಿದು ಕಟ್ಟುವ ಊರನ್ನು ರೇಡಿಯೊದಲ್ಲಿ ಒಂದು ಕ್ರಿಯಾಪದ ಕಟ್ಟಿಬಿಡುತ್ತದೆ. ಆ ಊರಿನ ಬೀದಿ, ಮರ, ಮನೆಯ ಬಾಗಿಲು ಮಾತ್ರ ಕೇಳುವವರ ನೆನಪಿನಿಂದಲೇ ಬರಬೇಕು. ಹತ್ತು ಸಾವಿರ ಮಂದಿ ಒಂದೇ ನಾಟಕ ಕೇಳಿದರೆ ಹತ್ತು ಸಾವಿರ ರಂಗಮಂಟಪಗಳು ಏಳುತ್ತವೆ.

ಭಯ ಮತ್ತು ಕನಸು

ಕಿವಿಯ ಈ ಕಟ್ಟುವ ಶಕ್ತಿ ಎಷ್ಟು ಬಲವಾದುದು ಎಂಬುದಕ್ಕೆ ಎಲ್ಲರೂ ಕೊಡುವ ನಿದರ್ಶನ ಅಮೆರಿಕದ್ದು. 1938ರ ಅಕ್ಟೋಬರ್ 30ರಂದು ಆರ್ಸನ್ ವೆಲ್ಸ್, ಎಚ್.ಜಿ. ವೆಲ್ಸ್‌ನ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಕಾದಂಬರಿಯನ್ನು ವಾರ್ತಾಪ್ರಸಾರದ ಧಾಟಿಯಲ್ಲಿ ರೇಡಿಯೊ ನಾಟಕ ಮಾಡಿದ. ಮಂಗಳ ಗ್ರಹದವರು ಬಂದಿಳಿದರೆಂದು ಕೆಲವರು ನಿಜವಾಗಿಯೂ ಹೆದರಿದರು. ದೇಶಕ್ಕೆ ದೇಶವೇ ಬೀದಿಗೆ ಓಡಿತು ಎಂಬ ಮಾತು ಮಾತ್ರ ಪತ್ರಿಕೆಗಳು ಉಬ್ಬಿಸಿದ್ದು ಎಂದು ಮುಂದೆ ಸಂಶೋಧಕರು ತೋರಿಸಿಕೊಟ್ಟರು. ಆದರೂ ದನಿಯ ಧಾಟಿಯನ್ನು ಬದಲಿಸಿದ ಮಾತ್ರಕ್ಕೆ ಕಟ್ಟುಕಥೆ ಕೆಲವರಿಗಾದರೂ ವಾರ್ತೆಯಾಯಿತು ಎಂಬುದು ನಿಜವೇ.

ಭಯದಂತೆ ಕನಸಿಗೂ ಕಿವಿ ಒಳ್ಳೆಯ ಮನೆ. ಶ್ರೀರಂಗಪಟ್ಟಣದ ದೊರೆ ಟಿಪ್ಪು ಸುಲ್ತಾನ್ ತನ್ನ ಕನಸುಗಳನ್ನು ಪಾರಸಿಯಲ್ಲಿ ಸ್ವಹಸ್ತದಿಂದ ಬರೆದಿಡುತ್ತಿದ್ದ. 1799ರಲ್ಲಿ ಆತ ಮಡಿದ ಮೇಲೆ ಅರಮನೆಯಲ್ಲಿ ಸಿಕ್ಕಿದ ಆ ಪುಸ್ತಕ ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಭಾರತದ ಸ್ವಾತಂತ್ರ್ಯದ ಐವತ್ತನೆಯ ವರ್ಷಕ್ಕೆಂದು ಬಿಬಿಸಿ ಒಂದು ರೇಡಿಯೊ ನಾಟಕ ಬರೆದುಕೊಡಲು ಕೇಳಿದಾಗ ಗಿರೀಶ ಕಾರ್ನಾಡರು ಆರಿಸಿಕೊಂಡದ್ದು ಈ ಕನಸುಗಳನ್ನೇ. ನಾಟಕ 1997ರ ಆಗಸ್ಟ್ 15ರಂದು ಪ್ರಸಾರವಾಯಿತು. ಕನ್ನಡದಲ್ಲಿ ಅದು ‘ಟಿಪ್ಪು ಸುಲ್ತಾನ ಕಂಡ ಕನಸು’. ಮುಂದೆ ರಂಗದ ಮೇಲೂ ಬಂದ ಈ ಕೃತಿ ಮೊದಲು ಹುಟ್ಟಿದ್ದು ಕಿವಿಗಾಗಿ ಎಂಬುದು ಗಮನಿಸತಕ್ಕ ಸಂಗತಿ. ರಂಗದ ಮೇಲೆ ಕನಸು ತೋರಿಸಲು ದೀಪ, ಪರದೆ, ಹೊಗೆ ಎಲ್ಲ ಬೇಕು. ರೇಡಿಯೊದಲ್ಲಿ ಎಚ್ಚರದಿಂದ ಕನಸಿಗೆ ಒಂದೇ ಉಸಿರಿನ ದೂರ.

ಕಣ್ಣಿಲ್ಲದವರು ಕೊಟ್ಟ ಕೊಡುಗೆ

ರೇಡಿಯೊ ನಾಟಕದ ಹಿಂದೆ ರಂಗಭೂಮಿಯಿದ್ದರೆ, ಕೇಳುವ ಪುಸ್ತಕದ ಹಿಂದೆ ಇರುವುದು ಅಂಧರ ಹಸಿವು. ಎಡಿಸನ್ 1877ರಲ್ಲಿ ಫೋನೋಗ್ರಾಫ್ ಕಂಡುಹಿಡಿದ ಮರುವರ್ಷವೇ ಅದರ ಉಪಯೋಗಗಳನ್ನು ಪಟ್ಟಿ ಮಾಡಿದಾಗ ಅಂಧರಿಗಾಗಿ ಮಾತಾಡುವ ಪುಸ್ತಕ ಎಂದೂ ಸೇರಿಸಿದ್ದ. ಆದರೆ ಅಂದಿನ ತಟ್ಟೆಯ ಒಂದು ಮಗ್ಗುಲಲ್ಲಿ ನಾಲ್ಕೈದು ನಿಮಿಷಕ್ಕಿಂತ ಹೆಚ್ಚು ಹಿಡಿಸುತ್ತಿರಲಿಲ್ಲ. ಒಂದು ಕಾದಂಬರಿಗೆ ತಟ್ಟೆಗಳ ಗುಡ್ಡೆಯೇ ಬೇಕಿತ್ತು.

ಮೊದಲ ಮಹಾಯುದ್ಧ ಸಾವಿರಾರು ತರುಣರ ಕಣ್ಣು ಕಿತ್ತುಕೊಂಡಿತು. ಪ್ರೌಢ ವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡವರಿಗೆ ಬೆರಳ ತುದಿಯಲ್ಲಿ ಬ್ರೈಲ್ ಕಲಿಯುವುದು ಸುಲಭವಲ್ಲ. ಅಂಥವರಲ್ಲೊಬ್ಬ, ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಇಯಾನ್ ಫ್ರೇಸರ್, ಬ್ರಿಟನ್ನಿನಲ್ಲಿ ಮಾತಾಡುವ ಪುಸ್ತಕಕ್ಕಾಗಿ ಬೆನ್ನುಬಿಡದೆ ಪ್ರಯೋಗ ನಡೆಸಿದ. ಅಮೆರಿಕದಲ್ಲಿ ಇಂಥದೇ ಯತ್ನ 1934ರಲ್ಲಿ ಫಲಿಸಿತು. ಬ್ರಿಟನ್ನಿನಲ್ಲಿ 1935ರ ನವೆಂಬರಿನಲ್ಲಿ. ಅಲ್ಲಿನ ತಟ್ಟೆ ನಿಮಿಷಕ್ಕೆ 24 ಸುತ್ತಿನಷ್ಟು ನಿಧಾನವಾಗಿ ತಿರುಗುತ್ತಿದ್ದುದರಿಂದ ಒಂದು ಮಗ್ಗುಲಲ್ಲಿ 25 ನಿಮಿಷ ಓದು ಹಿಡಿಸುತ್ತಿತ್ತು. ಸುಮಾರು ಹತ್ತು ತಟ್ಟೆಗಳಲ್ಲಿ ಒಂದು ಕಾದಂಬರಿ! ಅಗಾಥಾ ಕ್ರಿಸ್ಟಿಯ ಪತ್ತೇದಾರಿ ಕಾದಂಬರಿಯೊಂದು ಮತ್ತು ಜೋಸೆಫ್ ಕಾನ್‌ರಾಡ್‌ನ ‘ಟೈಫೂನ್’ ಅಲ್ಲಿನ ಮೊದಲ ಪುಸ್ತಕಗಳ ಸಾಲಿನಲ್ಲಿದ್ದವು. ಮಗ್ಗುಲಿಗೆ ನಾಲ್ಕೈದು ನಿಮಿಷದ ಅಡ್ಡಿಯನ್ನು ಇಂಥ ಉದ್ದ ತಟ್ಟೆಯಿಂದ ದಾಟಿದ್ದು ಅಂಧರ ಪುಸ್ತಕ. ಸಂಗೀತ ಪ್ರಿಯರಿಗೆ ಎಲ್.ಪಿ. ತಟ್ಟೆ ಮಾರುಕಟ್ಟೆಯಲ್ಲಿ ನೆಲೆಗೊಂಡದ್ದು 1948ರ ನಂತರ.

ಕಣ್ಣುಳ್ಳವರು ಈ ದಾರಿ ಹಿಡಿದುದು ತಡವಾಗಿ. 1952ರಲ್ಲಿ ನ್ಯೂಯಾರ್ಕಿನಲ್ಲಿ ಬಾರ್ಬರಾ ಹೋಲ್ಡ್‌ರಿಜ್ ಮತ್ತು ಮೇರಿಯನ್ ರೋನಿ ಎಂಬ ಇಬ್ಬರು ತರುಣಿಯರು ಕವಿ ಡಿಲನ್ ಥಾಮಸ್‌ನ ದನಿಯನ್ನು ಮುದ್ರಿಸಿ ‘ಕೇಡ್ಮನ್’ ಎಂಬ ಕಂಪೆನಿ ಹೂಡಿದರು. 1963ರಲ್ಲಿ ಫಿಲಿಪ್ಸ್ ತಂದ ಕ್ಯಾಸೆಟ್ಟು, 1979ರಲ್ಲಿ ಸೋನಿ ತಂದ ವಾಕ್‌ಮನ್ ಈ ಹವ್ಯಾಸವನ್ನು ಜೇಬಿಗಿಳಿಸಿದವು. ಕರ್ನಾಟಕದಲ್ಲಿ ಕ್ಯಾಸೆಟ್ಟು ‘ಧ್ವನಿಸುರುಳಿ’ಯಾಗಿ ಬೇರೆಯೇ ಅವತಾರ ತಾಳಿತು. 1978ರ ‘ನಿತ್ಯೋತ್ಸವ’ ಭಾವಗೀತೆಗಳನ್ನು ಮನೆಮನೆಗೆ ಹಂಚಿತು. ಗುರುರಾಜುಲು ನಾಯ್ಡು ಅವರ ಹರಿಕಥೆ ಹಳ್ಳಿಯ ಗುಡಿಯ ಧ್ವನಿವರ್ಧಕದಿಂದ ಹೊಲಗದ್ದೆಗಳವರೆಗೂ ಹಬ್ಬಿತು. ಕರಾವಳಿಯಲ್ಲಿ ತಾಳಮದ್ದಲೆಯ ಸುರುಳಿಗಳನ್ನು ಜನ ಕೈಯಿಂದ ಕೈಗೆ ದಾಟಿಸಿ ಕೇಳಿದರು. ಪುಸ್ತಕ ಎಂಬ ಹಣೆಪಟ್ಟಿ ಇಲ್ಲದಿದ್ದರೂ ಇವೆಲ್ಲ ಕೇಳುವ ಪುಸ್ತಕಗಳೇ. ಈಗ ಅದೇ ಕೆಲಸವನ್ನು ಮೊಬೈಲ್ ಫೋನು ಮಾಡುತ್ತಿದೆ. ಕನ್ನಡ ಕಥೆ, ಕಾದಂಬರಿಗಳನ್ನು ಓದಿ ಕೇಳಿಸುವ ಆ್ಯಪ್‌ಗಳೂ ಬಂದಿವೆ.

ಕೇಳಿದರೆ ಓದಿದಂತೆಯೆ?

ಮೊದಲಿನ ಪ್ರಶ್ನೆಗೆ ಮರಳಬಹುದು. ಅಮೆರಿಕದ ಬ್ಲೂಮ್ಸ್‌ಬರ್ಗ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೇ ಪುಸ್ತಕದ ಭಾಗಗಳನ್ನು ಕೆಲವರಿಗೆ ಓದಲು, ಕೆಲವರಿಗೆ ಕೇಳಲು ಕೊಟ್ಟರು. ಕೂಡಲೇ ಪರೀಕ್ಷಿಸಿದಾಗಲೂ, ಎರಡು ವಾರ ಬಿಟ್ಟು ಪರೀಕ್ಷಿಸಿದಾಗಲೂ ಎರಡೂ ಗುಂಪಿನ ತಿಳಿವಳಿಕೆಯಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. 2019ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದವರು ಮಿದುಳಿನ ಚಿತ್ರ ತೆಗೆದು ನೋಡಿದಾಗ, ಕಥೆ ಕಣ್ಣಿನಿಂದ ಬಂದರೂ ಕಿವಿಯಿಂದ ಬಂದರೂ ಮಾತಿನ ಅರ್ಥ ಮೂಡುವ ಜಾಗಗಳು ಬಹುಪಾಲು ಒಂದೇ ಎಂದು ಕಂಡಿತು.

ಹಾಗೆಂದು ಎರಡೂ ಎಲ್ಲದರಲ್ಲೂ ಒಂದೇ ಎನ್ನುವಂತಿಲ್ಲ. ಪಾಠದಂಥ ವಿಷಯವನ್ನು ಮುದ್ರಿತ ಧ್ವನಿಯಿಂದ ಕಲಿತ ವಿದ್ಯಾರ್ಥಿಗಳು, ಓದಿ ಕಲಿತವರಿಗಿಂತ ಕಡಿಮೆ ಅಂಕ ಪಡೆದ ಅಧ್ಯಯನವೂ ಇದೆ. ಕಾರಣ ಸರಳ. ಕಣ್ಣು ಸಾಲಿನ ಮೇಲೆ ಹಿಂದೆ ಮುಂದೆ ಓಡಾಡಬಲ್ಲದು, ಕಷ್ಟವಾದಲ್ಲಿ ನಿಲ್ಲಬಲ್ಲದು. ದನಿ ಹೊಳೆಯಂತೆ ಮುಂದಕ್ಕೇ ಹರಿಯುತ್ತದೆ. ಮನಸ್ಸು ಕ್ಷಣ ಜಾರಿದರೆ ಒಂದು ಪುಟವೇ ತೇಲಿಹೋಗುತ್ತದೆ. ಗಣಿತದ ಸೂತ್ರವನ್ನೋ ಕಾನೂನಿನ ಕಲಮನ್ನೋ ಪಾತ್ರೆ ತೊಳೆಯುತ್ತ ಕೇಳಿ ಕಲಿಯುವುದು ಆಗದ ಮಾತು. ಕಥೆಯ ವಿಷಯ ಬೇರೆ. ಕಥೆಗೆ ಮುಂದಕ್ಕೆ ಹರಿಯುವುದೇ ಸ್ವಭಾವ. ಬರಹದಲ್ಲಿ ಇಲ್ಲದ ಒಂದು ಸಂಗತಿಯನ್ನೂ ದನಿ ಸೇರಿಸಿ ಕೊಡುತ್ತದೆ. ‘ಆಯ್ತು’ ಎಂಬ ಒಂದೇ ಮಾತು ಒಪ್ಪಿಗೆಯೋ ಕೋಪವೋ ಸೋಲೋ ಎಂಬುದನ್ನು ಅಕ್ಷರ ಹೇಳಲಾರದು, ದನಿ ಹೇಳುತ್ತದೆ. ನಂಜನಗೂಡು ಸೀಮೆಯ ಆಡುನುಡಿಯಲ್ಲಿ ದೇವನೂರ ಮಹಾದೇವ ಬರೆದ ‘ಕುಸುಮಬಾಲೆ’ (1984) ಅಚ್ಚಿನಲ್ಲಿ ತೊಡಕೆನಿಸಿದವರು ಗಟ್ಟಿಯಾಗಿ ಓದಿ ನೋಡಿದರೆ ಸಾಕು, ಅದು ಕಿವಿಗೆಂದೇ ಬರೆದದ್ದೆಂಬಂತೆ ತೆರೆದುಕೊಳ್ಳುತ್ತದೆ.

ಆದರೆ ದನಿಯ ಈ ಗುಣದಲ್ಲೇ ಅಪಾಯವೂ ಇದೆ. ಓದುವವರು ಅರ್ಥವನ್ನು ತಾವೇ ತೀರ್ಮಾನಿಸಿಬಿಟ್ಟರೆ ಕೇಳುವವರಿಗೆ ಉಳಿಯುವುದೇನು? ಮಾತಾಡುವ ಪುಸ್ತಕಗಳ ಆರಂಭದ ದಿನಗಳಿಂದಲೂ ಈ ಚರ್ಚೆ ನಡೆದಿದೆ. ಓದುವವರು ಪಾತ್ರಗಳನ್ನು ಅಭಿನಯಿಸಬೇಕೆ, ಸರಾಗವಾಗಿ ಓದಿದರೆ ಸಾಕೆ? ಅಂಧ ಕೇಳುಗರಲ್ಲಿ ಹಲವರು ಬಯಸಿದ್ದು ಎರಡನೆಯದನ್ನು. ಅವರಿಗೆ ಬೇಕಾದುದು ಪುಸ್ತಕ, ಓದುವವರ ಪ್ರದರ್ಶನವಲ್ಲ. ಸಂಗೀತವು ಸಾಹಿತ್ಯವನ್ನು ನುಂಗಬಾರದೆಂಬ ಗಮಕಿಗಳ ನಿಯಮವೂ ಇದನ್ನೇ ಹೇಳುತ್ತದೆ.

ಇಲ್ಲಿ ‘ಓದಿದಂತೆಯೆ?’ ಎಂಬ ಪ್ರಶ್ನೆ ಕೇವಲ ಹರಟೆಯ ವಿಷಯವಾಗಿ ಉಳಿಯುವುದಿಲ್ಲ. ಕಣ್ಣು ಕಾಣದ ವಿದ್ಯಾರ್ಥಿನಿಗೆ, ಪೊರೆ ಬಂದು ಅಕ್ಷರ ಮಸುಕಾದ ಅಜ್ಜನಿಗೆ, ಅಕ್ಷರ ಕಲಿಯುವ ಅವಕಾಶವೇ ಸಿಗದೆ ದುಡಿದ ತಾಯಿಗೆ ಕೇಳುವುದೊಂದೇ ಓದು. ಅದನ್ನು ಎರಡನೆಯ ದರ್ಜೆಯ ಓದೆಂದರೆ ಅವರನ್ನು ಎರಡನೆಯ ದರ್ಜೆಯ ಓದುಗರೆಂದಂತೆ. ಭಾರತದ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ತಂದ ತಿದ್ದುಪಡಿಯು, ಮುದ್ರಿತ ಪುಸ್ತಕ ಓದಲಾಗದ ಅಂಗವಿಕಲರಿಗಾಗಿ ಪುಸ್ತಕಗಳನ್ನು ಧ್ವನಿಯೂ ಸೇರಿದಂತೆ ಅವರಿಗೆ ಒಗ್ಗುವ ರೂಪಕ್ಕೆ ತರಲು ದಾರಿ ತೆರೆಯಿತು. ಇದೇ ಉದ್ದೇಶದ 2013ರ ಮರ‍್ರಾಕೇಶ್ ಅಂತರರಾಷ್ಟ್ರೀಯ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅಂಗೀಕರಿಸಿದ ದೇಶ ಭಾರತ. ಕಾನೂನು ಬಾಗಿಲು ತೆರೆದಿದೆ. ಕನ್ನಡದ ಪುಸ್ತಕಗಳಿಗೆ ದನಿ ಕೊಡುವವರು ಒಳಗೆ ಬರಬೇಕಷ್ಟೆ. ಈಗ ಕಂಪ್ಯೂಟರು ಕೂಡ ಕನ್ನಡ ಓದುತ್ತದೆ. ಇನ್ನೊಬ್ಬರ ಬಿಡುವಿಗಾಗಿ ಕಾಯದೆ ಪಠ್ಯಪುಸ್ತಕವನ್ನೋ ಪತ್ರಿಕೆಯನ್ನೋ ಓದಿಸಿಕೊಳ್ಳಲು ಅದು ದೊಡ್ಡ ಉಪಕಾರಿ. ಆದರೆ ‘ಆಯ್ತು’ ಎಂಬ ಮಾತಿನ ಹಿಂದಿನ ನಿಟ್ಟುಸಿರನ್ನು ತಿಳಿದು ನುಡಿಯಲು ಆ ಊರಿನ, ಆ ಮಾತಿನ ಮನುಷ್ಯರೇ ಬೇಕು.

ಮತ್ತೊಂದು ಮಾತು. ಮ್ಯಾಗ್ನೆಟಿಕ್ ಟೇಪು ದುಬಾರಿಯಾಗಿದ್ದ ಕಾಲದಲ್ಲಿ, ಒಮ್ಮೆ ಪ್ರಸಾರವಾದುದನ್ನು ಅಳಿಸಿ ಅದೇ ಟೇಪಿನ ಮೇಲೆ ಹೊಸದನ್ನು ಮುದ್ರಿಸುವ ರೂಢಿ ಜಗತ್ತಿನ ಹಲವು ಪ್ರಸಾರ ಸಂಸ್ಥೆಗಳಲ್ಲಿತ್ತು. ಹೀಗೆ ಅಳಿದ ನಾಟಕಗಳಿಗೆ ಲೆಕ್ಕವಿಲ್ಲ. ಕಾಗದದ ಮೇಲಿನ ಮಾತು ಉಳಿದರೂ ಅದನ್ನು ಆಡಿದ ದನಿ ಮತ್ತೆ ಬಾರದು. ಮನೆಯ ಹಿರಿಯರು ಹೇಳುವ ಕಥೆಗಳಿಗೂ ಇದೇ ಗತಿ. ಅವರ ‘ಬತ್ತೀನಿ’, ‘ಬರ್ತೇನ್ರಿ’ಗಳು ಅವರೊಂದಿಗೇ ಹೋಗುತ್ತವೆ. ದನಿ ಮುದ್ರಿಸುವ ಯಂತ್ರ ಇಂದು ಬಹುಮಂದಿಯ ಜೇಬಿನಲ್ಲಿದೆ. ಅದಕ್ಕೆ ಬೇಕಾದುದು ಅರ್ಧ ಗಂಟೆಯ ಬಿಡುವು, ಕೇಳುವ ಮನಸ್ಸು.

ಕೇಳುವುದಕ್ಕೂ ಅಷ್ಟೇ. ರಾತ್ರಿ ಊಟವಾದ ಮೇಲೆ ದೀಪ ಆರಿಸಿ, ಮನೆಮಂದಿಯೆಲ್ಲ ಒಂದೆಡೆ ಕುಳಿತು ಒಂದು ನಾಟಕವನ್ನೋ ಕಥೆಯನ್ನೋ ಕೇಳಿ ನೋಡಬಹುದು. ಮೊದಲ ಐದು ನಿಮಿಷ ಕಣ್ಣು ಮಾಡಲು ಕೆಲಸವಿಲ್ಲದೆ ಚಡಪಡಿಸುತ್ತದೆ. ಆಮೇಲೆ ಕತ್ತಲಿನೊಳಗೆ ಯಾರೋ ನಡೆದು ಬರುವ ಸದ್ದು, ಒಂದು ಬಾಗಿಲು ತೆರೆದ ಸದ್ದು. ಮುಗಿದ ಮೇಲೆ ಆ ಬಾಗಿಲು ಹೇಗಿತ್ತು ಎಂದು ಒಬ್ಬೊಬ್ಬರನ್ನೂ ಕೇಳಿದರೆ ಅಜ್ಜಿಯ ಬಾಗಿಲಿಗೆ ಚಿಲಕವಿರುತ್ತದೆ, ಮೊಮ್ಮಗಳ ಬಾಗಿಲಿಗೆ ಕರೆಗಂಟೆ.